ಕುಂಬಳದ ಹೀಚು ಮತ್ತು ಈರಿಯ ಬೆರಳು

ಚಿಕ್ಕಹನುಮಕ್ಕನಿಗೆ ಒಂದು ಹುಚ್ಚು ಹಿಡಿದರೆ ಅದನ್ನು ಮನೆಮಂದಿಗೆಲ್ಲ ಹಿಡಿಸದೆ ಬಿಡುವವಳಲ್ಲ. ನಯಾಪೈಸೆ ಬಂದ ವರ್ಷ ಅವಳಿಗೆ ಹಿಡಿದದ್ದು ಹಿತ್ತಲಿನ ಹುಚ್ಚು. ವೈ.ಎನ್.ಹೊಸಕೋಟೆ ಕಡೆಯಿಂದ ಮದುವೆಯಾಗಿ ಶಿರಾಕ್ಕೆ ಬಂದವಳು. ಪೇಟೆಯ ಅಂಚಿಗೆ ಬಾಡಿಗೆ ಮನೆ, ಹಿಂದೆ ಕಲ್ಲು, ಕಸ, ಜಾಲಿಮುಳ್ಳಿನ ಒಂದು ತುಂಡು ಜಾಗ. ಕಡಲೆಕಾಯಿ ಮಿಲ್ಲಿಗೆ ಹೋಗುತ್ತಿದ್ದ ಗಂಡ ಅಡವಯ್ಯ, ಈ ಕಲ್ಲಲ್ಲಿ ಏನು ಬೆಳೀತೀಯ, ನನ್ನ ತಲೆ ಎಂದು ನಕ್ಕ. ನಿಮ್ಮ ತಲೆಯಲ್ಲಿ ಕೂದಲೇ ಬೆಳೆಯುತ್ತಿಲ್ಲ, ಅದರ ಮಾತು ಬಿಡಿ ಎಂದು ಇವಳು ಗುದ್ದಲಿ ಎತ್ತಿಕೊಂಡಳು.

ಮಕ್ಕಳೇ ಆಳುಗಳು. ಹುಡುಗರಿಬ್ಬರು, ಬೈರ ಮತ್ತು ಗಂಗ, ಕಲ್ಲು ಆಯ್ದು ಬಚ್ಚಲ ನೀರಿಗೆ ಕಾಲುವೆ ತೋಡಿದರು. ಸ್ನಾನವೆಂದರೆ ಬೀದಿಗೆ ಓಡುತ್ತಿದ್ದ ಈ ಹೈಕಳು ಈಗ ಕಾಲುವೆಯಲ್ಲಿ ನೀರು ಹರಿಯುವುದನ್ನು ನೋಡುವ ಆಸೆಗೆ ದಿನಕ್ಕೆರಡು ಸಲ ತಾವಾಗಿಯೇ ಬಚ್ಚಲಿಗೆ ಇಳಿದರು! ಐದು ವರ್ಷದ ಈರಿ ಮೊಳಕೆ ಬಂತೋ ಇಲ್ಲವೋ ಎಂದು ಬೆಳಗಾದರೆ ಬೆಂಡೆ ಬೀಜ ಕೆದಕಿ ನೋಡಿ ಮತ್ತೆ ಮುಚ್ಚುವಳು. ಹೀಗಾದರೆ ಬೆಂಡೆ ಬಂದ ಹಾಗೇ ಇತ್ತು. ಕೊನೆಗೆ ಪಕ್ಕದ ಮನೆಯ ಖಾಜಾಬಿ ಕೊಟ್ಟ ಕುಂಬಳ ಬೀಜ ಹುಟ್ಟಿ, ಬಳ್ಳಿ ಬೇಲಿ ಹತ್ತಿತು. ಅದು ಈರಿಯದು ಎಂದು ತೀರ್ಮಾನವಾಯಿತು.

ಹೀಚು ಬಿಟ್ಟ ದಿನ ಚಿಕ್ಕಹನುಮಕ್ಕ ಮೂವರನ್ನೂ ನಿಲ್ಲಿಸಿಕೊಂಡು ಕಟ್ಟಪ್ಪಣೆ ಮಾಡಿದಳು: ಕುಂಬಳದ ಹೀಚಿಗೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆತು ಉದುರುತ್ತದೆ, ತೋರಿಸಲೇಬೇಕೆಂದರೆ ಬೆರಳು ಮಡಚಿ ತೋರಿಸಿ. ಅವಳಿಗೆ ಅವಳ ಅವ್ವ ಹೇಳಿದ್ದು, ಅವ್ವನಿಗೆ ಅಜ್ಜಿ. ನಜರ್ ಆಗುತ್ತದೆ, ದೃಷ್ಟಿ ತಾಗುತ್ತದೆ ಎಂದು ಬೇಲಿಯಾಚೆಯಿಂದ ಖಾಜಾಬಿಯೂ ಸೈ ಎಂದಳು. ಅಂದಿನಿಂದ ಮಕ್ಕಳು ಹಿತ್ತಲಲ್ಲಿ ಗುದ್ದಾಟಕ್ಕೆ ಹೊರಟವರ ಹಾಗೆ ಮುಷ್ಟಿ ಕಟ್ಟಿಕೊಂಡೇ ಓಡಾಡಿದರು.

ಆದರೆ ಸಂಜೆ ಅಪ್ಪ ಮಿಲ್ಲಿನಿಂದ ಬಂದಾಗ ಈರಿಗೆ ಸಂತೋಷ ತಡೆಯಲಾಗಲಿಲ್ಲ. ಅಗೋ ನನ್ನ ಕಾಯಿ ಎಂದು ಬೆರಳು ಚಾಚಿಯೇಬಿಟ್ಟಳು. ಕೆಲವೇ ದಿನಕ್ಕೆ ಆ ಹೀಚು ಹಳದಿಯಾಗಿ ಉದುರಿತು. ಅಣ್ಣಂದಿರು ಬಿಟ್ಟಾರೆಯೇ? ಕೊಂದವಳು ನೀನೇ ಎಂದು ಕಾಡಿದರು.

ಮಾರನೆಯ ದಿನ ಈರಿ ಬಲಗೈಯ ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡು ಊಟಕ್ಕೆ ಕೂತಳು. ಗಾಯವೇನೂ ಇಲ್ಲ. ಮುದ್ದೆಗೆ ಎಡಗೈ ಹಾಕಿದಳು. ಹಿತ್ತಲ ಕಡೆ ತಲೆಯೇ ಹಾಕಲಿಲ್ಲ. ಬೈದರೂ ಬಟ್ಟೆ ಬಿಚ್ಚಲಿಲ್ಲ. ಎರಡು ದಿನ ಬಿಟ್ಟು ರಮಿಸಿ ಕೇಳಿದಾಗ ಬಾಯಿಬಿಟ್ಟಳು.

"ಅವ್ವಾ, ಮರ್ತು ಅಣ್ಣನ್ನ ತೋರಿಸ್ಬುಟ್ರೆ, ಅವ್ನೂ ಉದುರೋಯ್ತಾನಾ?"

ಚಿಕ್ಕಹನುಮಕ್ಕ ಬಟ್ಟೆ ಸುತ್ತಿದ ಆ ಬೆರಳನ್ನು ಹಿಡಿದುಕೊಂಡಳು. ಸುಳ್ಳು ಕಣೆ ಎಂದರೆ ನಂಬುವವರು ಯಾರು, ನಿಜ ಎಂದು ಹೇಳಿದವಳೂ ಇವಳೇ ಅಲ್ಲವೇ? ಮಗಳನ್ನು ಸೊಂಟಕ್ಕೇರಿಸಿಕೊಂಡು ನೆಟ್ಟಗೆ ಬಳ್ಳಿಯ ಹತ್ತಿರ ಹೋದಳು. ಉಳಿದಿದ್ದ ಹೀಚುಗಳಿಗೆ ಒಂದೊಂದಕ್ಕೂ ತನ್ನದೇ ಬೆರಳು ಚಾಚಿ ತೋರಿಸಿದಳು. ಖಾಜಾಬಿ ಕೆನ್ನೆ ತಟ್ಟಿಕೊಂಡು ತೋಬಾ ತೋಬಾ ಎಂದಳು. ನಿಜ ಹೇಳಬೇಕೆಂದರೆ ಚಿಕ್ಕಹನುಮಕ್ಕನ ಎದೆಯೂ ಡವಡವ ಎನ್ನುತ್ತಿತ್ತು. ಅಜ್ಜಿಯ ಕಾಲದ ಭಯ ಅಷ್ಟು ಸುಲಭಕ್ಕೆ ಹೋಗುತ್ತದೆಯೇ?

ವಾರದೊಳಗೆ ಎರಡು ಉದುರಿದವು, ಮೂರು ನಿಂತವು. ನಿಂತ ಮೂರನ್ನು ಈರಿ ಕಣ್ಣೆತ್ತಿಯೂ ನೋಡಲಿಲ್ಲ. ಉದುರಿದ ಎರಡನ್ನು ತಂದು ಉಣ್ಣುತ್ತ ಕೂತಿದ್ದ ಅವ್ವನ ಮುಂದಿಟ್ಟು, ಅವಳ ಬೆರಳನ್ನೇ ನೋಡುತ್ತ ನಿಂತಳು. ಚಿಕ್ಕಹನುಮಕ್ಕ ಅದೇ ಕೈಯಲ್ಲಿ ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದಳು. ಆಮೇಲೆ ಸಾರು ಮೆತ್ತಿದ ಆ ಬೆರಳನ್ನು ಪಕ್ಕದಲ್ಲಿದ್ದ ಬೈರನ ಮೂಗಿಗೇ ಗುರಿಯಿಟ್ಟು ತೋರಿಸಿದಳು. ಬೈರ ಉದುರಲಿಲ್ಲ, ಇನ್ನೊಂದು ಮುದ್ದೆ ಕೇಳಿದ. ಚಿಕ್ಕಹನುಮಕ್ಕ ಈರಿಯ ಕಡೆ ತಿರುಗಿದಳು.

"ನಿಂದು ಒಂದು ಉದುರ್ತು, ನಂದು ಎರಡು. ನನ್ ಬೆರಳೇ ದೊಡ್ಡ ಪಾಪಿ ಕಣಮ್ಮ. ಏನ್ ಮಾಡದು, ಇದ್ರಲ್ಲೇ ಉಣ್ಬೇಕು."

ಈರಿ ಹಲ್ಲಿನಿಂದ ಗಂಟು ಬಿಚ್ಚಿ, ಬಟ್ಟೆ ಕಿತ್ತೆಸೆದು, ಅವ್ವನ ಗಂಗಳಕ್ಕೇ ಬಲಗೈ ಹಾಕಿದಳು.