ಫ್ಯೂಸ್ ನನ್ನ ಜೇಬಿನಲ್ಲೇ ಇತ್ತು

ನಾನು ವೈರಿಂಗ್ ಕೆಲಸದವನು, ಕತೆ ಕಟ್ಟಿ ಅಭ್ಯಾಸವಿಲ್ಲ. ಅನುಮಾನವಿದ್ದರೆ ನನ್ನ ಭಾಮೈದ ನಾಗರಾಜನನ್ನು ಕೇಳಿ. ಆ ರಾತ್ರಿ ಏಣಿಯ ಮೇಲಿದ್ದವನು ಅವನೇ.

ಗೋವಿಂದರಾಜನಗರದ ಹಳೇ ಮನೆ. ತತ್ವಶಾಸ್ತ್ರ ಪಾಠ ಮಾಡುವ ಮೇಷ್ಟ್ರೊಬ್ಬರು ಒಬ್ಬರೇ ಬಾಡಿಗೆಗಿದ್ದರು. ಹಾಲ್‌ನಲ್ಲಿ ವೈರ್ ಸುಟ್ಟ ವಾಸನೆ ಅಂತ ಕತ್ತಲಾದ ಮೇಲೆ ಕರೆಸಿದರು.

ನಮ್ಮಲ್ಲೊಂದು ಪದ್ಧತಿ. ಕಿತ್ತ ಫ್ಯೂಸನ್ನು ನಾನು ಅಂಗಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಯಾರೂ ತಿಳಿಯದೆ ವಾಪಸ್ ಹಾಕುವ ಹಾಗಿಲ್ಲ. ಆಮೇಲೆ ನಾನು "ಹೂಂ" ಅಂದರೆ ಮಾತ್ರ ನಾಗ ವೈರ್ ಮುಟ್ಟುತ್ತಾನೆ.

ಫ್ಯೂಸ್ ಕಿತ್ತೆ. ಮನೆ ಕತ್ತಲಾಯಿತು. ನಾಗ ಮೊಬೈಲ್ ಟಾರ್ಚ್ ಹಿಡಿದು ಏಣಿ ಹತ್ತಿದ.

ಮೇಷ್ಟ್ರು ಮೆಲ್ಲಗೆ ಕೇಳಿದರು. "ಕರೆಂಟ್ ಇಲ್ಲ ಅಂತ ಅಷ್ಟು ಧೈರ್ಯ ಹೇಗ್ರೀ?"

"ಫ್ಯೂಸ್ ತೆಗೆದ್ರೆ ಹೋಗುತ್ತೆ ಸಾರ್. ಇಷ್ಟು ವರ್ಷ ನೋಡಿದೀನಲ್ಲ."

"ಆಗಬಹುದಾದ ಪ್ರಪಂಚಗಳೆಲ್ಲ ನಿಜವಾಗ್ಲೂ ಇವೆ ಅಂತಾರೆ ಕೆಲವರು. ಇದೇ ಮನೆ, ಇದೇ ನೀವು, ಈ ಕ್ಷಣದವರೆಗೂ ಎಲ್ಲಾ ಹೀಗೇ. ಮುಂದಿನ ಕ್ಷಣ ಮಾತ್ರ ಬೇರೆ. ಅಂಥ ಪ್ರಪಂಚದಲ್ಲೇ ನೀವೀಗ ಇಲ್ಲ ಅಂತ ಹೇಗೆ ಗೊತ್ತು? ಅಲ್ಲೂ ಇಷ್ಟು ವರ್ಷ ಫ್ಯೂಸ್ ತೆಗೆದ್ರೆ ಕರೆಂಟ್ ಹೋಗ್ತಾನೇ ಇತ್ತು."

ಒಳ್ಳೇ ತಲೆಹರಟೆ ಅಂದುಕೊಂಡು ನಾನು "ಹೂಂ" ಅಂದೆ. ನಾಗ ಬರಿಗೈಯಲ್ಲಿ ತಾಮ್ರ ಹಿಡಿದ.

ಆಗ... ಅದೇ ವೈರಿನ ಬಲ್ಬ್ ನಿಧಾನವಾಗಿ ಹೊತ್ತಿಕೊಂಡಿತು.

ನನ್ನ ಕೈ ಜೇಬಿಗೆ ಹೋಯಿತು. ಫ್ಯೂಸ್ ಅಲ್ಲೇ ಇತ್ತು, ತಣ್ಣಗೆ. ಗೋಡೆಯೊಳಗಿಂದ ಗುಂಯ್... ಎಂಬ ಸದ್ದು. ಸುಟ್ಟ ವಾಸನೆ ಮೂಗಿಗೆ ಅಡರಿತು.

"ಭಾವಾ..." ನಾಗ ಏಣಿಯ ಮೇಲಿಂದ ಕರೆದ. "ಕೈಯಲ್ಲೇ ಹಿಡ್ಕೊಂಡಿದೀನಿ. ಏನೂ ಆಗ್ತಿಲ್ಲ. ಬಿಡ್ಲಾ?"

ಕರೆಂಟ್ ಇದ್ದರೆ ಅವನಿಗೆ ಹೊಡೆಯಬೇಕು. ಇಲ್ಲದಿದ್ದರೆ ಬಲ್ಬ್ ಉರಿಯಬಾರದು. ಬಿಟ್ಟರೆ ಉಳಿಯುತ್ತಾನೋ, ಹಿಡಿದಿದ್ದರೆ ಉಳಿಯುತ್ತಾನೋ? ನಾನು ಕಲಿತದ್ದೊಂದೂ ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ. ಅವನ ಹೆಂಡತಿಯ ಮುಖ ಕಣ್ಣ ಮುಂದೆ ಬಂತು.

"ಏನಾದ್ರೂ ಹೇಳಿ ಸಾರ್," ಅಂದೆ.

ಮೇಷ್ಟ್ರು ಹಿಂದೆ ಸರಿದು ಗೋಡೆಗೆ ಒರಗಿದರು. "ನನ್ನ ಕೇಳ್ಬೇಡಿ... ನಾನು ಬರೀ ಮಾತಿಗೆ ಅಂದೆ."

"ಭಾವ, ಬೇಗ ಹೇಳು..."

ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ತಿಳಿಯದು. ಗೋಡೆಯೊಳಗಿನ ಸದ್ದು ತಗ್ಗಿತು, ಬಲ್ಬ್ ಆರಿತು. ನಾಗನ ಬೆರಳು ತಾವಾಗಿಯೇ ಸಡಿಲಿದವು. ಇಳಿದು ಬಂದವನು ನನ್ನ ಭುಜ ಹಿಡಿದುಕೊಂಡು ಅತ್ತ.

ಮಾರನೇ ದಿನ ಬೆಳಕಿನಲ್ಲಿ ಎಲ್ಲ ತಡಕಿದೆ. ಇನ್ವರ್ಟರ್ ಇಲ್ಲ, ಪಕ್ಕದ ಮನೆಯ ಲೈನೂ ಒಳಗೆ ಬಂದಿಲ್ಲ. ಆ ವಾರವೇ ಮೇಷ್ಟ್ರು ಮನೆ ಖಾಲಿ ಮಾಡಿದರು.

ನಾಗ ಈಗಲೂ ನನ್ನ ಜೊತೆಗೇ ಕೆಲಸಕ್ಕೆ ಬರುತ್ತಾನೆ, ಹೊಟ್ಟೆಪಾಡು. ಆದರೆ ನಾನೀಗ "ಹೂಂ" ಅನ್ನುವುದಿಲ್ಲ. ಅವನನ್ನು ಕೆಳಗೆ ನಿಲ್ಲಿಸಿ, ಏಣಿ ಹತ್ತಿ, ಮೊದಲು ನಾನೇ ವೈರ್ ಮುಟ್ಟುತ್ತೇನೆ. ಇವತ್ತಿನವರೆಗೂ ಏನೂ ಆಗಿಲ್ಲ. ಇವತ್ತಿನವರೆಗೂ ಆಗಿಲ್ಲ ಎಂಬುದರಿಂದ ಮಾತ್ರ ನನಗೆ ಎಳ್ಳಷ್ಟೂ ಧೈರ್ಯ ಬರುವುದಿಲ್ಲ.