ಬಾಗಿಲಿಗೆ ಅಂಟಿಸಿದ ನೋಟೀಸು

ನೆರೆಮನೆಯ ಕಾಕಾನ ಅಂಗೈಯಲ್ಲಿ ಹಗ್ಗ ಕೊರೆದ ಗೆರೆಗಳೇ ಎದ್ದು ಕಾಣುತ್ತಿದ್ದವು. ಬನಹಟ್ಟಿ ದಾರಿಯ ತಮ್ಮ ಹೊಲದಲ್ಲಿ ಆ ಕೈಗಳಿಂದಲೇ ಅವರು ಬಾವಿ ತೋಡಿದ್ದರು. ಕುರಿ ಕಾಯುವ ಮನೆತನ. ಅವರು ನೇಯ್ದು ಕೊಟ್ಟ ಕಂಬಳಿ ಹೊದ್ದು ನಾನು ಜಮಖಂಡಿಯಲ್ಲಿ ಮ್ಯಾಟ್ರಿಕ್ ಓದಿದೆ.

ದಸರೆಯಲ್ಲಿ ಬನ್ನಿ ಕೊಟ್ಟ ಮರುದಿನ ಹೆಂಡತಿ ಮಕ್ಕಳೊಂದಿಗೆ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೊರಟರೆ ತಿರುಗಿ ಬರುವುದು ಮುಂಗಾರಿನ ಮಿರಗದ ಮಳೆಗೇ. ಹೋಗುವಾಗ ಮನೆಯ ಕೀಲಿಕೈಯನ್ನು ನಮ್ಮ ಗೂಟಕ್ಕೆ ತೂಗುಹಾಕಿ, "ಮನಿ ಕಾಯೋದು ನಿಂದು ತಮ್ಮಾ, ಬಾವಿ ಕಾಯೋದು ಬೀರಪ್ಪ ದೇವ್ರದು" ಎನ್ನುತ್ತಿದ್ದರು.

ಮುಂಬಯಿ ಸರ್ಕಾರದ ಕಾಲ. ಗೋದಾಮು ಕಟ್ಟಲು ಆ ಹೊಲವನ್ನು ಸ್ವಾಧೀನಕ್ಕೆ ತೆಗೆದುಕೊಂಡರು. ಪರಿಹಾರದ ಆದೇಶದಲ್ಲಿ ಬಾವಿಯ ಹೆಸರೇ ಇಲ್ಲ, ಬರೀ ಬೀಳು ಜಮೀನು ಎಂದಿತ್ತು. ತಕರಾರಿದ್ದರೆ ನೋಟೀಸು ಮುಟ್ಟಿದ ಆರು ವಾರದೊಳಗೆ ಅರ್ಜಿ ಕೊಡಬೇಕು. ಮುಟ್ಟಿಸುವ ಕೆಲಸ ಸರ್ಕಾರಿ ಕಚೇರಿಯಲ್ಲಿ ಹೊಸದಾಗಿ ಕಾರಕೂನನಾಗಿದ್ದ ನನ್ನ ಪಾಲಿಗೆ ಬಂತು. ಕಾಕಾ ಇದ್ದ ಹೊಳೆಯ ದಂಡೆಗೆ ಹೋಗಿಬರಲು ಎರಡು ದಿನ ಬೇಕಿತ್ತು. ನಾನು ಹೋಗಲಿಲ್ಲ. ಕೀಲಿ ಹಾಕಿದ ಬಾಗಿಲಿಗೆ ಅಂಟಿಸಿ, ಪ್ರತಿಯ ಹಿಂದೆ "ಖುದ್ದಾಗಿ ಕೊಟ್ಟರೂ ಒಲ್ಲೆನೆಂದರು" ಎಂದು ಬರೆದು, ಚಹಾದ ಅಂಗಡಿಯಲ್ಲಿ ಕೂತಿದ್ದ ಇಬ್ಬರಿಂದ ಪಂಚರೆಂದು ಸಹಿ ಹಾಕಿಸಿದೆ.

ಮಳೆಗೆ ಮರಳಿದ ಕಾಕಾ ಅರ್ಜಿ ಕೊಟ್ಟರು. ಕೋರ್ಟಿನಲ್ಲಿ ಸರ್ಕಾರಿ ವಕೀಲರು ಬಾವಿಯ ಮಾತೇ ಎತ್ತಲಿಲ್ಲ. ಅವಧಿ ಮೀರಿದೆ ಎಂದು ನನ್ನ ಬರಹ ತೋರಿಸಿದರು. ಸಾಕ್ಷಿಗೆ ಕರೆದಾಗ, ನೌಕರಿ ಹೋದೀತೆಂದು ಅಂಜಿ, ಪ್ರಮಾಣ ಮಾಡಿ ಅದೇ ಸುಳ್ಳು ಹೇಳಿದೆ.

ಕಾಕಾ ನನ್ನನ್ನೇ ನೋಡಿ ಕೇಳಿದರು: "ನಾ ಹೊಳಿ ದಂಡ್ಯಾಗ ಇದ್ದೆ. ಒಲ್ಲೆ ಅಂದವರ್ಯಾರು ತಮ್ಮಾ, ಬಾಗಿಲಾ?"

ಕೂತವರೆಲ್ಲ ನಕ್ಕರು. ಅರ್ಜಿ ವಜಾ ಆಯಿತು.

ನೆನೆದರೆ ಈಗಲೂ ಮೈ ಉರಿಯುತ್ತದೆ. ಹೊಲ ಕಸಿಯುವವರು ಹೊಲದವನನ್ನು ಹುಡುಕಬೇಕಿಲ್ಲ, ಅವನು ಮಾತ್ರ ದಿನ ತಪ್ಪಬಾರದು. ಇದೆಂಥ ನ್ಯಾಯ? ನೀರು ತುಂಬಿದ ಬಾವಿಯನ್ನು ಒಬ್ಬರೂ ಹೋಗಿ ನೋಡಲಿಲ್ಲ. ಆದರೆ ಕಾಯಿದೆಯನ್ನು ಬೈದು ನಾನು ಪಾರಾಗಲಾರೆ. ಆ ಬಾಗಿಲಿನ ಕೀಲಿಕೈ ನಮ್ಮ ಮನೆಯಲ್ಲೇ ಇತ್ತು.

ಆ ವರ್ಷವೂ ಕಾಕಾ ಬಂದು ಅದನ್ನು ಗೂಟಕ್ಕೆ ತೂಗುಹಾಕಿದರು. "ಈ ಸಲ ಕಾಗದ ಬಂದ್ರ ಕೀಲಿ ತಗದು ಒಳಗ ಇಡಪಾ. ಹೊರಗ ಗಾಳಿಗಿ ಹಾರತೈತಿ" ಎಂದರು.

ಆ ಸಲ ಹೊಳೆಯ ದಂಡೆಯಲ್ಲೇ ಅವರು ತೀರಿಕೊಂಡರು. ಮಳೆಗೆ ಮರಳಿದ ಅವರ ಮಗ ಕೀಲಿಕೈ ಕೇಳಲು ನಮ್ಮ ಮನೆಗೆ ಬರಲಿಲ್ಲ. ಕಲ್ಲಿನಿಂದ ಕೀಲಿ ಒಡೆದು ಒಳಗೆ ಹೋದ.