ಸೋದರಮಾವನವರ ಜೋಡುನಳಿಗೆ ಕೋವಿಯ ವಿಲೇವಾರಿ ಕುರಿತು

ಮಾನ್ಯ ಓದುಗರ ಸನ್ನಿಧಿಗೆ,

ಮೊದಲಿಗೆ ಕ್ಷಮೆ ಕೋರುತ್ತೇನೆ. ನನ್ನ ಕೈಬರಹ ಚೆನ್ನಾಗಿಲ್ಲ, ಕಾಗುಣಿತವೂ ನಂಬುವಂಥದ್ದಲ್ಲ. ದೆಹಲಿಗೆ ಬಂದಂದಿನಿಂದ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತಗಳ ಮೇಲೆ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದು ಜೀವನ ಮಾಡಿದವನು ನಾನು. ಕನ್ನಡದಲ್ಲಿ ಬರೆದದ್ದೆಂದರೆ ಊರಿಗೆ ಹಾಕಿದ ಇನ್‌ಲ್ಯಾಂಡ್ ಪತ್ರಗಳು ಮಾತ್ರ. ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಸದಸ್ಯರು ತಮ್ಮ ಬದುಕಿನ ಒಂದು ನೆನಪನ್ನು ಬರೆದುಕೊಡಬೇಕೆಂದು ಕೇಳಿದ್ದರಿಂದ ಧೈರ್ಯ ಮಾಡಿದ್ದೇನೆ. ಅರ್ಜಿಯ ಧಾಟಿ ಬಿಟ್ಟು ಬೇರೆ ಧಾಟಿ ನನಗೆ ಬರುವುದಿಲ್ಲ. ಇದನ್ನು ಮೂರನೆಯ ಸಲ ಪ್ರತಿ ಮಾಡುತ್ತಿದ್ದೇನೆ. ಆದರೂ ಎಲ್ಲೋ ಏನೋ ತಪ್ಪಿದೆ ಎಂಬ ಅಳುಕು ಬಿಟ್ಟಿಲ್ಲ.

ವಿಷಯ: ದಿವಂಗತ ಸೋದರಮಾವನವರು ಬಿಟ್ಟುಹೋದ ಕೋವಿಯನ್ನು ಕಾನೂನು ಪ್ರಕಾರ ಮಾರಾಟ ಮಾಡಿದ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಮೆಟ್ರೋ ರೈಲು ದ್ವಾರಕಾ ತಲುಪಿದ ಮರುವರ್ಷದ ಭಾದ್ರಪದದಲ್ಲಿ ಜನಕಪುರಿಯ ಮನೆಯಲ್ಲಿ ನನ್ನ ಸೋದರಮಾವ ತೀರಿಕೊಂಡರು. ನನಗೆ ದೆಹಲಿಯಲ್ಲಿ ಮೊದಲು ಊಟ ಹಾಕಿದವರು ಅವರು. ಅರ್ಜಿ ಬರೆಯುವುದನ್ನು ಕಲಿಸಿದವರೂ ಅವರೇ. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅತ್ತೆ ಕಬ್ಬಿಣದ ಬೀರುವಿನ ಬೀಗದ ಕೈಯನ್ನು ನನ್ನ ಮುಂದಿಟ್ಟರು.

"ಒಳಗೆ ಅದು ಇದೆಯಲ್ಲೋ. ಅದಕ್ಕೇನು ಮಾಡೋದು?"

ಅದು ಎಂದರೆ ಕೋವಿ. ಮಾವ ಸರ್ವೆ ಇಲಾಖೆಯಲ್ಲಿದ್ದಾಗ ಹಿಮಾಲಯದ ತಪ್ಪಲಿನ ತರಾಯಿಯ ಕಾಡಂಚಿನ ಕ್ಯಾಂಪುಗಳಲ್ಲಿ ವರ್ಷಗಟ್ಟಲೆ ಇದ್ದವರು. ಆಗ ಪರವಾನಗಿ ಪಡೆದು ಕೊಂಡದ್ದು. ನನಗೆ ತಿಳಿದಂತೆ ಅದು ಸಿಡಿದದ್ದು ಒಂದೇ ಸಲ. ಕಾಡುಹಂದಿ ಓಡಿಸಲು ಆಕಾಶಕ್ಕೆ ಹಾರಿಸಿದಾಗ ಹಂದಿ ಕದಲಲಿಲ್ಲ, ಕ್ಯಾಂಪಿನ ಅಡುಗೆಯವನು ಮೂರ್ಛೆ ಹೋದ ಎಂದು ಮಾವ ಹೇಳಿ ನಗುತ್ತಿದ್ದರು. ದೆಹಲಿಗೆ ಬಂದ ಮೇಲೆ ಅದು ಬೀರುವಿನಿಂದ ಹೊರಬರುತ್ತಿದ್ದುದು ಪರವಾನಗಿಯ ನವೀಕರಣದ ತಪಾಸಣೆಗೆ, ಮತ್ತು ವರ್ಷಕ್ಕೊಮ್ಮೆ ಆಯುಧಪೂಜೆಗೆ. ಅಂದು ಅತ್ತೆಯ ಹೊಲಿಗೆ ಯಂತ್ರ, ಈಳಿಗೆಮಣೆ, ಮಾವನ ಸ್ಕೂಟರು ಮತ್ತು ಫೌಂಟನ್ ಪೆನ್ನುಗಳ ಜೊತೆಗೆ ಕೋವಿಗೂ ಅರಿಸಿನ, ಕುಂಕುಮ, ಸೇವಂತಿಗೆ. ಪಕ್ಕದ ಮನೆಯ ಪಂಜಾಬಿ ಹೆಂಗಸು ಪ್ರತಿ ವರ್ಷ ಬಂದು ಬಾಗಿಲಲ್ಲೇ ನಿಂತು ನೋಡಿ, ಪ್ರಸಾದ ತೆಗೆದುಕೊಂಡು ಹೋಗುತ್ತಿದ್ದರು. ಮಾರನೆಯ ದಿನ ಮಾವ ಸೀಮೆಎಣ್ಣೆಯ ಬಟ್ಟೆಯಿಂದ ಕೋವಿಯನ್ನು ಒರೆಸಿ, ಎಣ್ಣೆ ಸವರಿ, ಒಳಗಿಡುತ್ತಿದ್ದರು. ಇದಿಷ್ಟು ಪೂರ್ವಚರಿತ್ರೆ.

ಪರವಾನಗಿ ಮಾವನ ಹೆಸರಿನದು. ಅವರು ಹೋದ ಮೇಲೆ ಕೋವಿಯನ್ನು ಮನೆಯಲ್ಲಿಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ತಡಮಾಡದೆ ಪೊಲೀಸ್ ಠಾಣೆಗಾಗಲಿ, ಪರವಾನಗಿ ಇರುವ ಆಯುಧ ವ್ಯಾಪಾರಿಗಾಗಲಿ ಒಪ್ಪಿಸಬೇಕು; ವಾರಸುದಾರರು ಅನುಮತಿ ಪಡೆದು ಮಾರಬೇಕು. ಇದನ್ನು ವಿಚಾರಿಸಿ ತಿಳಿದ ಕ್ಷಣದಿಂದ ನನಗೆ ನೆಮ್ಮದಿ ಇಲ್ಲ. ಮನೆಯಲ್ಲಿ ಒಬ್ಬರೇ ಇರುವ ಅರವತ್ತೆಂಟು ವರ್ಷದ ವಿಧವೆಯ ಮೇಲೆ ಅಕ್ರಮ ಶಸ್ತ್ರಾಸ್ತ್ರದ ಮೊಕದ್ದಮೆ ಎಂಬ ವಾಕ್ಯ ತಲೆಯೊಳಗೆ ತಾನಾಗಿಯೇ ಟೈಪಾಗುತ್ತಿತ್ತು. ಊಟದ ಬಿಡುವಿನಲ್ಲಿ ಕಚೇರಿಯಿಂದ ಫೋನು ಮಾಡುತ್ತಿದ್ದೆ.

"ಅತ್ತೆ, ಬೀರುಗೆ ಬೀಗ ಹಾಕಿದೀರಾ?"

"ಹಾಕಿದೀನಪ್ಪ. ಅದಕ್ಕೇನು ಕಾಲಿದೆಯೇನೋ ಎದ್ದು ಹೋಗೋಕೆ? ನೀನು ಮೊದಲು ಊಟ ಮಾಡು."

ಅರ್ಜಿ ಬರೆಯುವ ಹೊಣೆಯನ್ನು ನಾನೇ ಹೊತ್ತೆ. ನನ್ನ ತಪ್ಪು ನಡೆದದ್ದು ಇಲ್ಲಿ. ನಮ್ಮ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಮೇಜು, ಕುರ್ಚಿ, ಬೀರುಗಳ ಭೌತಿಕ ಪರಿಶೀಲನೆ ಇರುತ್ತದೆ. ಅದರ ನಿಯಮ ಒಂದೇ: ರಿಜಿಸ್ಟರು ನೋಡಿ ನಂಬರು ಬರೆಯಕೂಡದು, ವಸ್ತುವನ್ನು ನೋಡಿಯೇ ಬರೆಯಬೇಕು. ಹದಿನಾಲ್ಕು ವರ್ಷ ಆ ಕೆಲಸ ಮಾಡಿದ ನಾನು ಪರವಾನಗಿ ಪುಸ್ತಕವನ್ನು ಪಕ್ಕಕ್ಕಿಟ್ಟು, ಕೋವಿಯ ಬಟ್ಟೆ ಬಿಚ್ಚಿ, ಬೆರಳಿನಿಂದ ಎಳೆಯುವ ಕುದುರೆಯ ಸುತ್ತಲಿನ ಕಬ್ಬಿಣದ ಬಳೆಯ ಮೇಲಿದ್ದ ನಂಬರನ್ನು ಟಾರ್ಚು ಹಿಡಿದು ಓದಿದೆ. ಅಲ್ಲಿ ಕುಂಕುಮ ಹೆಪ್ಪುಗಟ್ಟಿ ಕೂತಿತ್ತು. ಅತ್ತೆ ಎದುರಿಗೇ ಕೂತಿದ್ದರು. ಸೂತಕ ಕಳೆದು ವಾರವೂ ಆಗದ ಮನೆಯಲ್ಲಿ, ಅವರ ಕಣ್ಣೆದುರಿಗೆ ಅವರಿಟ್ಟ ಕುಂಕುಮವನ್ನು ಒರೆಸಲು ನನ್ನ ಕೈ ಏಳಲಿಲ್ಲ. ಕೊನೆಯ ಅಂಕಿ ಮೂರು ಎಂದು ಕಂಡಿತು; ಮೂರು ಎಂದೇ ಬರೆದೆ. ಬಟ್ಟೆಯ ಮಡಿಕೆಯಿಂದ ಒಣಗಿ ಕಪ್ಪಾದ, ಅಡಿಕೆಯಂಥ ಒಂದು ಉಂಡೆ ಉರುಳಿತು. ಏನೆಂದು ಕೇಳದೆ ಕಸದ ಬುಟ್ಟಿಗೆ ಹಾಕಿದೆ. ಈ ಎರಡನೆಯ ಸಂಗತಿಯನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಅತ್ತೆ ಮತ್ತು ಅವರ ಮಗಳು ಆ ನಂಬರಿರುವ ಅಫಿಡವಿಟ್ಟಿಗೆ ನೋಟರಿಯ ಮುಂದೆ ಸಹಿ ಹಾಕಿದರು. ಠಾಣೆಯಲ್ಲಿ ಅರ್ಜಿಗೆ ಮೊಹರು ಬಿತ್ತು. ಕೋವಿಯನ್ನು ವ್ಯಾಪಾರಿಯ ಬಳಿ ಒಪ್ಪಿಸಿ ರಸೀದಿ ತರಬೇಕೆಂದು ಬರೆದುಕೊಟ್ಟರು. ಶನಿವಾರ ಬೆಳಿಗ್ಗೆ ನಾವು ಮೂವರೂ ಕಾಶ್ಮೀರಿ ಗೇಟಿನ ಆಯುಧ ವ್ಯಾಪಾರಿಯ ಅಂಗಡಿಗೆ ಹೊರಟೆವು. ಮೆಟ್ರೋದಲ್ಲಿ ಹೋಗುವಂತಿರಲಿಲ್ಲ. ಕೋವಿಯನ್ನು ಮಾವನ ಹಳೆಯ ಶಾಲಿನಲ್ಲಿ ಸುತ್ತಿ, ಮೇಲೆ ಬೆಡ್‌ಶೀಟು ಹೊದಿಸಿ, ಆಟೋದಲ್ಲಿ ನಮ್ಮ ಮೂವರ ಮಡಿಲಿನ ಮೇಲೆ ಅಡ್ಡಲಾಗಿ ಇಟ್ಟುಕೊಂಡೆವು. ತೋಟಾಗಳ ಡಬ್ಬಿ ಅತ್ತೆಯ ತರಕಾರಿ ಚೀಲದಲ್ಲಿತ್ತು. ಕಾಗದಗಳು ನನ್ನ ಅಂಗಿಯ ಒಳಜೇಬಿನಲ್ಲಿದ್ದವು. ಪ್ರತಿ ಸಿಗ್ನಲ್ಲಿನಲ್ಲೂ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

"ಸಿತಾರ್ ಹೈ ಕ್ಯಾ, ಬಾಬೂಜಿ?" ಎಂದು ಆಟೋದವನು ಕನ್ನಡಿಯಲ್ಲಿ ನೋಡಿ ಕೇಳಿದ.

"ಹಾಂ," ಎಂದೆ. ಸುಳ್ಳು ಹೇಳಿದ್ದು ತಪ್ಪು.

"ಯಾರು ನುಡಿಸ್ತಾರೆ?" ಎಂದು ಅವನು ಹಿಂದಿಯಲ್ಲೇ ಮತ್ತೆ ಕೇಳಿದ.

ಮಾವನ ಮಗಳು ಜನಕಪುರಿಯಲ್ಲೇ ಹುಟ್ಟಿ ಬೆಳೆದು ನೋಯ್ಡಾಗೆ ಮದುವೆಯಾಗಿ ಹೋದವಳು. ಅವಳ ಕನ್ನಡಕ್ಕೆ ಹಿಂದಿಯ ಊರುಗೋಲು. ಅವಳು ತಾಯಿಯನ್ನು ತೋರಿಸಿ, "ಮಮ್ಮೀ ಬಜಾತೀ ಹೈ ಭಯ್ಯಾ, ಬಹುತ್ ಜೋರ್ ಸೇ," ಎಂದಳು, ಅಮ್ಮ ಬಹಳ ಜೋರಾಗಿ ನುಡಿಸುತ್ತಾಳೆ ಎಂದು. ನಂತರ ನನ್ನ ಕಡೆ ತಿರುಗಿ, "ಭಾವ, ನಿಮ್ಮ ಮುಖ ನೋಡಿದ್ರೇನೇ ಪುಲೀಸ್ ನಿಲ್ಲಿಸ್ತಾರೆ. ಥೋಡಾ ನಗಿ," ಎಂದಳು. ನನಗೆ ನಗು ಬರಲಿಲ್ಲ.

ಅಂಗಡಿಯವರೊಡನೆ ನಡೆದ ಮಾತೆಲ್ಲ ಹಿಂದಿಯಲ್ಲಿ. ಓದುಗರ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಂಗಡಿಯ ಯಜಮಾನರು ವಯಸ್ಸಾದವರು, ದಪ್ಪ ಗಾಜಿನ ಕನ್ನಡಕ. ಮೊದಲು ಪರವಾನಗಿ ಪುಸ್ತಕ ಓದಿದರು, ಆಮೇಲೆ ನನ್ನ ಅರ್ಜಿ. ಮತ್ತೆ ಪುಸ್ತಕ. ಪೆನ್ನನ್ನು ಕೆಳಗಿಟ್ಟರು.

"ಬಾಬೂಜಿ, ಪುಸ್ತಕದಲ್ಲಿ ಕೊನೆಯ ಅಂಕಿ ಎಂಟು. ನೀವು ಮೂರು ಅಂತ ಬರೆದಿದ್ದೀರಿ. ಇವರಿಬ್ಬರೂ ಮೂರು ಅಂತ ಪ್ರಮಾಣ ಮಾಡಿದ್ದಾರೆ."

"ನಾನು ವಸ್ತುವನ್ನು ನೋಡಿಯೇ ಬರೆದದ್ದು," ಎಂದೆ.

"ಅದೇ ಕಷ್ಟ. ಇದು ಮೂರಾದರೆ ಪರವಾನಗಿ ಇದ್ದ ಎಂಟು ಎಲ್ಲಿ ಹೋಯಿತು? ಈ ಮೂರು ಯಾರದು?"

ಕೋವಿಯನ್ನು ಬಿಚ್ಚಿ ಒಳಗಿನ ನಂಬರು ನೋಡೋಣವೆಂದರೆ ಕೀಲು ತುಕ್ಕು ಹಿಡಿದು ಕದಲದು. ಬಲವಂತ ಮಾಡಿದರೆ ಮುರಿಯುತ್ತದೆ ಎಂದರು. ನಂಬರು ತಾಳೆಯಾಗದೆ ತಾವು ರಿಜಿಸ್ಟರಿಗೆ ಸೇರಿಸುವಂತಿಲ್ಲ, ಸಂಶಯ ಬಂದ ಮೇಲೆ ನಮ್ಮ ಕೈಗೆ ವಾಪಸು ಕೊಡುವಂತೆಯೂ ಇಲ್ಲ, ಠಾಣೆಗೆ ತಿಳಿಸಬೇಕಾಗುತ್ತದೆ ಎಂದರು. ಗದರಿಸಿ ಹೇಳಲಿಲ್ಲ, ಸಾವಧಾನವಾಗಿಯೇ ಹೇಳಿದರು. ಅದರಿಂದ ನನ್ನ ಭಯ ಹೆಚ್ಚಾಯಿತು.

ಅತ್ತೆಗೆ ವಿಷಯ ಅರ್ಥವಾಗಿತ್ತು. "ಅವರು ಹಾಗೆಲ್ಲ ಇನ್ನೊಂದು ಕೋವಿ ಇಟ್ಟುಕೊಳ್ಳೋ ಮನುಷ್ಯ ಅಲ್ಲ ಕಣೋ," ಎಂದು ನನಗೆ ಹೇಳಿದರು. ಯಜಮಾನರ ಕಡೆ ಕೈ ತೋರಿಸಿ, "ನೀನು ಹೇಳು ಅವರಿಗೆ. ಬಸ್ ಟಿಕೆಟ್ ಹರಿಯದಿದ್ದರೆ ಕಂಡಕ್ಟರನ್ನ ಹುಡುಕಿಕೊಂಡು ಹೋಗ್ತಿದ್ದ ಮನುಷ್ಯ ಅಂತ ಹೇಳು," ಎಂದರು. ಹೇಳಿದೆ. ಯಜಮಾನರು ತಲೆಯಾಡಿಸಿದರು. ಕಬ್ಬಿಣಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ ಎಂಬಂತಿತ್ತು ಆ ತಲೆಯಾಟ.

ಒಳಗಿನಿಂದ ಕೋವಿ ರಿಪೇರಿ ಮಾಡುವ ಅವರ ಮಿಸ್ತ್ರಿ ಬಂದರು. ಗಡ್ಡಕ್ಕೆ ಮದರಂಗಿ ಹಾಕಿದ ಹಿರಿಯರು. ಕೋವಿಯನ್ನು ಬೆಳಕಿಗೆ ಹಿಡಿದು ಮೂಸಿ ನೋಡಿದರು.

"ಇದೇನು ಕೆಂಪು? ತುಕ್ಕಲ್ಲ."

"ಕುಂಕುಮ," ಎಂದರು ಅತ್ತೆ. "ಪೂಜಾ ಕಾ."

"ಮಾತಾಜಿ, ಕುಂಕುಮದ ಕೆಳಗೆ ಯಾವುದೋ ಹುಳಿ ಬಿದ್ದಿದೆ. ಲೋಹ ತಿಂದುಹಾಕಿದೆ."

ಅತ್ತೆ ನನಗೂ ಮಗಳಿಗೂ ಕನ್ನಡದಲ್ಲಿ ಹೇಳಿದರು: "ನಿಂಬೆಹಣ್ಣು ನಾನೇ ಇಟ್ಟಿದ್ದು. ಹೋದ ವರ್ಷ. ಪೂಜೆ ಮುಗಿಯೋಕೂ ಅವರಿಗೆ ಎದೆನೋವು ಬರೋಕೂ ಸರಿಹೋಯ್ತು. ಆಸ್ಪತ್ರೆಗೆ ಓಡೋ ಗಡಿಬಿಡಿಯಲ್ಲಿ ಬಟ್ಟೆ ಸುತ್ತಿ ಹಾಗೇ ಒಳಗಿಟ್ಟೆ. ಆಮೇಲೆ ಒರೆಸೋಕೆ ಅವರು ಏಳಲೇ ಇಲ್ಲವಲ್ಲ."

ಕಸದ ಬುಟ್ಟಿಗೆ ಹಾಕಿದ ಉಂಡೆ ನನ್ನ ಕಣ್ಣಮುಂದೆ ಬಂತು. ಕುಂಕುಮ ಹಚ್ಚಿ ಹೋಳು ಮಾಡಿಟ್ಟ ನಿಂಬೆಹಣ್ಣು ಹನ್ನೊಂದು ತಿಂಗಳು ಆ ನಂಬರಿನ ಮೇಲೆ ಕೂತಿತ್ತು.

"ಅರೇ ಅಮ್ಮ," ಎಂದಳು ಮಗಳು, "ಬಂದೂಕಿಗೆ ನಿಂಬೂ ಪಾನೀ ಕುಡಿಸಿಬಿಟ್ಟಿದ್ದೀಯ!" ನಗುತ್ತಲೇ ಹೇಳಿದಳು, ಹೇಳಿ ಮುಗಿಸುವಷ್ಟರಲ್ಲಿ ತಾಯಿಯ ಕೈ ಹಿಡಿದುಕೊಂಡಿದ್ದಳು.

ಮಿಸ್ತ್ರಿ ಬಟ್ಟೆಯ ತುಂಡನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅತ್ತೆಯ ಕಡೆ ನೋಡಿದರು. "ಒರೆಸಬೇಕು, ಮಾತಾಜಿ. ಒರೆಸಲಾ?" ಅವರು ಯಾಕೆ ಕೇಳಿದರೋ ತಿಳಿಯದು. ಪೂಜೆಯ ವಸ್ತು ಎಂಬ ಮರ್ಯಾದೆಗೆ ಇರಬೇಕು. ಅತ್ತೆ ತಮ್ಮ ಬರಿಹಣೆಯನ್ನು ಸೆರಗಿನಿಂದ ಒಮ್ಮೆ ಒತ್ತಿಕೊಂಡು, "ಒರೆಸಿ," ಎಂದರು.

ಮಿಸ್ತ್ರಿ ಉಜ್ಜಲು ಹಿಡಿದ ಸಮಯ ಎಷ್ಟೆಂದು ಹೇಳಲಾರೆ. ನಾನು ಎದ್ದೆ, ಕೂತೆ, ಬಾಗಿಲ ತನಕ ಹೋಗಿ ಬಂದೆ, ಕಾಗದಗಳನ್ನು ಅನುಕ್ರಮದಲ್ಲಿ ಜೋಡಿಸಿ ಮತ್ತೆ ಕೆಡಿಸಿದೆ. ಕುಂಕುಮವೆಲ್ಲ ಬಟ್ಟೆಗೆ ಬಂತು. ಕೆಳಗೆ ಕಂಡದ್ದು ಕಪ್ಪು ಗುಳಿಗಳು. ಮೊದಲ ಅಂಕಿಗಳು ಸ್ಪಷ್ಟ. ಕೊನೆಯದರ ಬಲಭಾಗ ಮಾತ್ರ ಉಳಿದಿತ್ತು. ಯಜಮಾನರು ಭೂತಗನ್ನಡಿ ಹಿಡಿದು, "ಮೂರೂ ಇರಬಹುದು, ಎಂಟೂ ಇರಬಹುದು," ಎಂದರು. ಇರಬಹುದು ಎಂಬ ಮಾತಿಗೆ ಯಾವ ರಿಜಿಸ್ಟರಿನಲ್ಲೂ ಜಾಗವಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಾರು?

ಆಗ ಮಿಸ್ತ್ರಿ ಮೇಜಿನ ಖಾನೆಯಿಂದ ತೆಳುವಾದ ಗಾಳಿಪಟದ ಕಾಗದ ತೆಗೆದು ನಂಬರಿನ ಮೇಲೆ ಬಿಗಿಯಾಗಿ ಹೊದಿಸಿ, ಮೆತ್ತನೆಯ ಪೆನ್ಸಿಲನ್ನು ಓರೆಯಾಗಿ ಹಿಡಿದು ಉಜ್ಜಿದರು. ಮಕ್ಕಳು ನಾಣ್ಯದ ಚಿತ್ರ ತೆಗೆಯುವ ಹಾಗೆ. ಕಣ್ಣಿಗೆ ಕಾಣದ್ದು ಕಾಗದಕ್ಕೆ ಕಂಡಿತು. ಎಡಭಾಗದಲ್ಲಿ ಎರಡು ನವಿರಾದ ಬಿಳಿ ಬಾಗುಗಳು ಮೂಡಿ ಬಲಭಾಗಕ್ಕೆ ಹೋಗಿ ಕೂಡಿಕೊಂಡವು. ನಾಲ್ಕು ಸಲ ತೆಗೆದರು. ನಾಲ್ಕು ಸಲವೂ ಎಂಟು.

"ಎಂಟು," ಎಂದರು ಯಜಮಾನರು, ಕನ್ನಡಕ ತೆಗೆದು. "ನಿಮ್ಮ ಮನೆಯವರು ಸರಿಯಾಗಿಯೇ ಇದ್ದರು, ಮಾತಾಜಿ. ಈ ಬಾಬೂಜಿಯವರೇ ತಪ್ಪು ಬರೆದದ್ದು."

"ಇವನು ಹಾಗೇ. ಚಿಕ್ಕಂದಿನಿಂದ ಗಾಬರಿ," ಎಂದರು ಅತ್ತೆ, ನನ್ನ ಪರವಾಗಿ, ಕನ್ನಡದಲ್ಲಿ. ಮಗಳು ಅದನ್ನು ಹಿಂದಿಗೆ ಅನುವಾದಿಸಿದಳು. ಅಂಗಡಿಯವರೆಲ್ಲ ನಕ್ಕರು. ನಾನೂ ನಕ್ಕೆನೆಂದು ನೆನಪು.

ಹೊಸ ಅರ್ಜಿ, ಹೊಸ ಅಫಿಡವಿಟ್ಟು ಮಾಡಿಸಿಕೊಂಡು ಬರುವೆನೆಂದೆ. ಅಫಿಡವಿಟ್ಟುಗಳನ್ನು ಹೊಸದಾಗಿಯೇ ಮಾಡಿಸಬೇಕು, ಅರ್ಜಿಯನ್ನು ಇಲ್ಲೇ ತಿದ್ದಿದರೆ ಸಾಕು ಎಂದರು ಯಜಮಾನರು. ಮೂರರ ಮೇಲೆಯೇ ಎಂಟು ಮಾಡಲು ಪೆನ್ನು ಊರಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದು ತಡೆದರು. "ತಪ್ಪನ್ನು ಮುಚ್ಚಬೇಡಿ. ಗೆರೆ ಎಳೆಯಿರಿ, ಮೇಲೆ ಸರಿಯಾದದ್ದು ಬರೆಯಿರಿ, ಪಕ್ಕದಲ್ಲಿ ಸಹಿ ಹಾಕಿ." ಮೊದಲ ದಿನ ಅರ್ಜಿ ಕಲಿಸುವಾಗ ಮಾವ ಹೇಳಿದ್ದೂ ಅದನ್ನೇ. ಮೂವರೂ ಸಹಿ ಹಾಕಿದೆವು. ಪೆನ್ಸಿಲಿನ ಕಾಗದವನ್ನು ಅದಕ್ಕೆ ಲಗತ್ತಿಸಿದರು; ಅದರ ಇನ್ನೊಂದು ಪ್ರತಿಯನ್ನು ಅತ್ತೆ ಕೇಳಿ ಪಡೆದುಕೊಂಡರು. ಕುಂಕುಮದ ಬಟ್ಟೆಯನ್ನು ಏನು ಮಾಡಲೆಂದು ಮಿಸ್ತ್ರಿ ಕೇಳಿದಾಗ, "ಅದನ್ನೂ ಕೊಡಿ," ಎಂದು ತರಕಾರಿ ಚೀಲಕ್ಕೆ ಹಾಕಿಕೊಂಡರು.

ಕೋವಿ ಅಂಗಡಿಯಲ್ಲೇ ಉಳಿಯಿತು; ಹೊಸ ಅಫಿಡವಿಟ್ಟುಗಳು ಸೋಮವಾರ ಅಲ್ಲಿಗೆ ತಲುಪಿದವು. ಮಾರಾಟದ ಅನುಮತಿ ಚಳಿಗಾಲ ಕಳೆದು ಬಂತು. ಕೀಲು ಸರಿಮಾಡಿಸಿ ಅದೇ ಅಂಗಡಿಯವರು ಕೋವಿಯನ್ನು ಕೊಂಡರು. ಅತ್ತೆ ಅಂದು ಬರಲಿಲ್ಲ. ಸಹಿ ಮಾಡಿದ ಕಾಗದ ಕಳಿಸಿ, ಸಂಜೆ ತಾವೇ ಫೋನು ಮಾಡಿದರು.

"ಆಯ್ತೇನೋ?"

"ಆಯ್ತು ಅತ್ತೆ. ರಸೀದಿ ಬಂತು."

"ನಂಬರು ಸರಿ ಇದೆಯಾ ನೋಡು."

ನೋಡಿದೆ. ಎಂಟು ಇತ್ತು. ಫೋನು ಇಟ್ಟ ಮೇಲೆ ಇನ್ನೊಮ್ಮೆ ನೋಡಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಈ ಬರಹದಲ್ಲಿ ತಪ್ಪುಗಳು ಕಂಡಲ್ಲಿ ನನ್ನ ಮೇಲಿನ ಮುಲಾಜಿಗೆ ಬಿಡಬಾರದು, ಅದೇ ಅಕ್ಷರದ ಮೇಲೆ ತಿದ್ದಿ ಮುಚ್ಚಲೂಬಾರದು. ತಪ್ಪಿನ ಮೇಲೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ತಮ್ಮ ಚಿಕ್ಕ ಸಹಿ ಹಾಕಬೇಕಾಗಿ ಪ್ರಾರ್ಥನೆ.